ಕೊಡುವ ಕೈ

ಕುರೆಸಾರೆಯಲ್ಲಿ ಮದುವೆಗಳು
ಸ್ವರ್ಗದಲ್ಲಿ ನಿಶ್ಚಯವಾಗುವುದಿಲ್ಲ,
ನಮ್ಮ ಕಚೇರಿಯ ನೆಲಮಾಳಿಗೆಯಲ್ಲಿ ಆಗುತ್ತವೆ.
ಅಲ್ಲಿ ಸದಾ ತಂಪು, ಯಂತ್ರ ಬೆವರಬಾರದಂತೆ.
ಮೇಲೆ ಕುಳಿತ ನನಗೆ
ಅದರ ಗುಂಯ್ ಸದ್ದು ಅಂಗಾಲಲ್ಲಿ ಕೇಳಿಸುತ್ತದೆ.

ನನ್ನ ಕೆಲಸ ಸಣ್ಣದು.
ಫಲಿತಾಂಶದ ಹಾಳೆಯನ್ನು
ಮನುಷ್ಯರ ಕೈಯೇ ಮನುಷ್ಯರ ಕೈಗೆ ಕೊಡಬೇಕೆಂದು ಕಾನೂನು.
ಆ ಕೈ ನಾನು. ಹೆಸರು ಉರ್ವೆ.
ಸಂಬಳದ ಚೀಟಿಯಲ್ಲಿ ಹುದ್ದೆ: ಕೊಡುವವಳು.

ಹನ್ನೊಂದು ವರ್ಷದಲ್ಲಿ ಎಷ್ಟು ಕೊಟ್ಟೆನೋ.
ದೋಣಿ ರಿಪೇರಿಯ ತಾವೆತನಿಗೆ
ಜೇನು ಸಾಕುವ ಮಾರಿಕಾ, ತೊಂಬತ್ತೆರಡು.
ಭೂಗೋಳದ ಮೇಷ್ಟರಿಗೆ ಕಡಲಾಚೆಯ ದಂತವೈದ್ಯೆ, ಎಂಬತ್ತೆಂಟು.
ಮೇಷ್ಟರಿಗೆ ಹಡಗು ಹತ್ತಿದರೆ ವಾಂತಿ,
ಅದನ್ನೂ ಕಳೆದೇ ಎಂಬತ್ತೆಂಟು.
ಎಲ್ಲರೂ ಚೆನ್ನಾಗಿದ್ದಾರೆ.
ಇದನ್ನು ನಾನು ಕೊಂಕಿಲ್ಲದೆ ಹೇಳುತ್ತಿದ್ದೇನೆ.
ವಿಚ್ಛೇದನದ ಕೊಠಡಿಯಲ್ಲಿ ಈಗ
ಕಾಲು ಮುರಿದ ಕುರ್ಚಿಗಳನ್ನು ತುಂಬಿದ್ದೇವೆ.

ಗುರುವಾರ ಬಂದವಳು ಲೇಯ್ದಾ, ಎಂಬತ್ತಮೂರು.
ಹೊಗೆಮೀನಿನ ವಾಸನೆ ಅವಳಿಗಿಂತ ಮುಂಚೆ ಒಳಬಂತು.
ಹಿಮದ ಬೂಟು ಬಾಗಿಲಲ್ಲೇ ಬಿಟ್ಟು
ಉಣ್ಣೆಯ ಕಾಲುಚೀಲದಲ್ಲಿ ಸದ್ದಿಲ್ಲದೆ ನಡೆದು ಬಂದು
"ನನಗೂ ಒಂದು ಜೋಡಿ ನೋಡು" ಅಂದಳು.
ವಯಸ್ಸಿನ ಮಿತಿಯೇನಿಲ್ಲ. ಫಾರಂ ತೆಗೆದೆ.
"ಹೊಸಬ ಬೇಡ. ಎಂಡೆಲ್ ಜೊತೆ ನೋಡು."

ಎಂಡೆಲ್ ಹೋಗಿ ಎರಡು ಚಳಿಗಾಲ.
ಯಂತ್ರ ಬರುವುದಕ್ಕೂ ಮೊದಲು, ಯಾವುದೋ ಕುಣಿತದ ರಾತ್ರಿ,
ಬೇರೆ ಯಾರನ್ನೋ ಹುಡುಕುತ್ತ ಬಂದು
ಇವಳ ಕಾಲು ತುಳಿದು
ಐವತ್ತಾರು ವರ್ಷ ಅಲ್ಲೇ ನಿಂತುಬಿಟ್ಟವನು.

ಸತ್ತವರನ್ನು ಸೇರಿಸಲು ಬರುವುದಿಲ್ಲ ಅಜ್ಜಿ, ಎಂದೆ.
"ಸತ್ತವನ ಕಡತ ಬದುಕಿದೆಯಲ್ಲ?"

ಬದುಕಿತ್ತು.
ರಕ್ತ, ಸಾಲ, ನಿದ್ದೆ, ವೋಟು ಹಾಕದ ವರ್ಷಗಳು,
ಗ್ರಂಥಾಲಯಕ್ಕೆ ಹಿಂತಿರುಗಿಸದ ಒಂದು ಪುಸ್ತಕ, ದಂಡದ ಸಮೇತ.
ಅಂಗಾಲಿನ ಕೆಳಗೆ ಗುಂಯ್ ಅಂದಿತು.
ಎಲ್ಲರಿಗೂ ಎರಡು ಸೆಕೆಂಡು ಸಾಕು,
ಇವರಿಗೆ ಒಂಬತ್ತು ಬೇಕಾಯಿತು.

ಮೂವತ್ತೊಂದು.
ಕೆಳಗೆ ಕೆಂಪಕ್ಷರ: ಶಿಫಾರಸು ಇಲ್ಲ.
ಕಾರಣ: ಒಬ್ಬರಿಗೆ ಮೌನ ರೂಢಿ,
ಇನ್ನೊಬ್ಬರಿಗೆ ಮೌನ ಶಿಕ್ಷೆ.

ಹಾಳೆಯನ್ನು ಹಿಡಿದುಕೊಂಡೇ ಕುಳಿತೆ.
ಕೊಡುವ ಕೈ ಕೊಡದೆ ಇರಬಹುದೇ,
ಕಾನೂನು ಏನೂ ಹೇಳಿಲ್ಲ.
ಎಪ್ಪತ್ತೊಂಬತ್ತು ಎಂಬ ಸುಳ್ಳು ತುಟಿಯವರೆಗೆ ಬಂದಿತ್ತು,
ಅಷ್ಟರಲ್ಲಿ ಅವಳೇ ಎಳೆದುಕೊಂಡು
ಕನ್ನಡಕ ಹಣೆಗೇರಿಸಿ ಓದಿದಳು.

"ಮೂವತ್ತೊಂದಾ!"
ಹೊಟ್ಟೆ ಹಿಡಿದುಕೊಂಡು ನಕ್ಕಳು ಲೇಯ್ದಾ.
"ನಾನು ಇಪ್ಪತ್ತು ಅಂದುಕೊಂಡಿದ್ದೆ ಕಣೇ.
ಹನ್ನೊಂದು ಹೆಚ್ಚು ಎಲ್ಲಿಂದ ಬಂತು, ಕೇಳು ಅದನ್ನ."

ಕೇಳಲು ಬರುವುದಿಲ್ಲ.
ಯಂತ್ರ ಕಳೆದದ್ದಕ್ಕೆ ಕಾರಣ ಕೊಡುತ್ತದೆ,
ಕೂಡಿದ್ದಕ್ಕೆ ಕೊಡುವುದಿಲ್ಲ.

ನಗು ಇಳಿದ ಮೇಲೆ, ಕಿಟಕಿಯಾಚೆ ಬಂದರು ನೋಡುತ್ತ,
"ಒಂದು ಸಲ ಹನ್ನೆರಡು ದಿನ ಮಾತು ಬಿಟ್ಟಿದ್ದ.
ಹದಿಮೂರನೆಯ ದಿನ
ಉಪ್ಪೆಲ್ಲಿ ಅಂತ ಕೇಳಿದ.
ಉಪ್ಪು ಅವನ ಕೈಯಲ್ಲೇ ಇತ್ತು."

ಚೀಲದಿಂದ ಮೀನು ತೆಗೆದು, ಅರ್ಧ ಮುರಿದು,
ಮೂವತ್ತೊಂದರ ಹಾಳೆಯಲ್ಲೇ ಸುತ್ತಿ
ನನ್ನ ಮೇಜಿನ ಮೇಲಿಟ್ಟಳು.
"ತಿನ್ನು. ಮುಳ್ಳು ಜೋಪಾನ."
ಬೂಟಿಗೆ ಕಾಲು ತೂರಿಸಲು ಅವಳಿಗೆ
ತುಂಬ ಹೊತ್ತು ಹಿಡಿಯಿತು.

ಮನೆಯಲ್ಲಿ ರೈನ್ ಇದ್ದಾನೆ. ತೊಂಬತ್ತೊಂದು.
ಅವನಿಗೆ ಮೀನು ಸೇರದು,
ನನಗೂ ಸೇರದು ಎಂದು ನಮ್ಮ ಕಡತ.
ಕಚೇರಿಯಲ್ಲೇ ತಿಂದೆ, ದೀಪ ಆರಿಸಿ, ಬೆರಳು ನೆಕ್ಕಿ.
ಎಣ್ಣೆ ಇಳಿದು ಕೆಂಪಕ್ಷರದ ಆಚೆಗೆ
ಬೆಳಕು ಕಾಣುವಂತಾಗಿತ್ತು ಹಾಳೆ.

ರಾತ್ರಿ ಊಟಕ್ಕೆ ಕೂತಾಗ
ಏನು ವಾಸನೆ ಎಂದು ರೈನ್ ಕೇಳಲಿಲ್ಲ.
ಎದ್ದು ಕಿಟಕಿ ತೆರೆದ, ನನಗೆ ಶಾಲು ತಂದುಕೊಟ್ಟ.
ಒಳ್ಳೆಯವನು.

ಉಪ್ಪೆಲ್ಲಿ, ಎಂದೆ.
"ನಿನ್ನ ಕೈಯಲ್ಲಿದೆ" ಅಂದ ಅವನು,
ಎರಡು ಸೆಕೆಂಡೂ ತೆಗೆದುಕೊಳ್ಳದೆ.